ಲಿಂಕ್ ಇದ್ದರೆ ಕಳಿಸಿ ಮೇಡಂ

13 ಜುಲೈ 2025, ಭಾನುವಾರ
ತೀರ್ಥಹಳ್ಳಿ

ಪುನರ್ವಸು ಮಳೆ ಜೋರಾಗಿದೆ. ಕರೆಂಟ್ ಬಂದಾಗ ಬರೆದು ಮುಗಿಸಬೇಕು.

ಮೊನ್ನೆ ಶಿವಮೊಗ್ಗದ ಕಾಲೇಜೊಂದರಿಂದ ಫೋನ್ ಬಂದಿತ್ತು. ಮಳೆಗಾಲದ ಕಾಡುಸೊಪ್ಪುಗಳ ಬಗ್ಗೆ ಮಾತಾಡಬೇಕಂತೆ. ಖುಷಿಯಿಂದ ಒಪ್ಪಿಕೊಂಡೆ. ಕೊನೆಗೆ, "ಪ್ರಿನ್ಸಿಪಾಲರಿಗೆ ತೋರಿಸಬೇಕಿತ್ತು, ನಿಮ್ಮ ಲಿಂಕ್ ಇದ್ದರೆ ಕಳಿಸಿ ಮೇಡಂ" ಅಂದರು. ಪುಸ್ತಕ ಇದೆ. ಭದ್ರಾವತಿ ಆಕಾಶವಾಣಿಯಲ್ಲಿ ಮಾತಾಡಿದ್ದೇನೆ. ಸಾಗರ, ಹೊಸನಗರ, ಕೊಪ್ಪ ಅಂತ ಎಷ್ಟೋ ಕಡೆಯ ಮಹಿಳಾ ಮಂಡಲಗಳಿಗೆ ಹೋಗಿ ಬಂದಿದ್ದೇನೆ. ಕಳಿಸಲಿಕ್ಕೆ ಮಾತ್ರ ಏನೂ ಇಲ್ಲ.

ಪುಟ್ಟಿ ಬೆಂಗಳೂರಿನಿಂದ ಬಂದಿದ್ದು ಒಳ್ಳೆಯದೇ ಆಯಿತು. ಊಟ ಆದಮೇಲೆ ನನ್ನದೊಂದು ವೆಬ್ ಪುಟ ಮಾಡಲು ಲ್ಯಾಪ್‌ಟಾಪ್ ತೆಗೆದು ಕೂತಳು.

"ದೊಡ್ಡಮ್ಮಾ, ನಿನ್ನ ಹೆಸರು ಹಾಕಿದ್ರೆ ಬೇರೆ ಯಾರೋ ಡಾಕ್ಟರ್ ಬರ್ತಿದಾರೆ."

ಇಂಗ್ಲಿಷಿನಲ್ಲಿ ನನ್ನ ಹೆಸರು ಪುಸ್ತಕದಲ್ಲಿ ಒಂದು ಥರ, ಆಮಂತ್ರಣ ಪತ್ರಿಕೆಗಳಲ್ಲಿ ಇನ್ನೊಂದು ಥರ. ಇನಿಷಿಯಲ್ ಒಂದೊಂದು ಕಡೆ ಹಿಂದೆ, ಒಂದೊಂದು ಕಡೆ ಮುಂದೆ. ಯಾವುದಾದರೂ ಒಂದನ್ನು ಹಿಡಿದು ಎಲ್ಲ ಕಡೆ ಅದನ್ನೇ ಹಾಕು ಅಂದಳು. ಫೋಟೋ ಕೂಡ ಒಂದೇ ಇರಲಿ ಅಂದಳು. ಫೋನ್ ನಂಬರ್ ಬೇಡ, ಕಾರ್ಯಕ್ರಮಕ್ಕೆ ಅಂತಲೇ ಬೇರೆ ಮೇಲ್ ಐಡಿ ಮಾಡೋಣ ಅಂದಳು. ಅದು ನನಗೂ ಸರಿ ಅನ್ನಿಸಿತು. ರಾತ್ರಿ ಹೊತ್ತಲ್ಲದ ಹೊತ್ತಿಗೆ ಬರುವ ಫೋನುಗಳು ಯಾವ ಹೆಂಗಸಿಗೆ ಗೊತ್ತಿಲ್ಲ?

ಪುಸ್ತಕದ ಒಂದು ಅಧ್ಯಾಯ ಹಾಕೋಣ ಅಂತ ಹಳೆಯ ಡಿಟಿಪಿ ಫೈಲ್ ತೆರೆದರೆ, ಅದು ಹಳೆಯ ನುಡಿ ಫಾಂಟಿನಲ್ಲಿದೆ. ಪುಟಕ್ಕೆ ಅಂಟಿಸಿದ ಕೂಡಲೇ ಕನ್ನಡ ಹೋಗಿ ಏನೇನೋ ಚಿಹ್ನೆಗಳು ಬಂದವು. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸದಿದ್ದರೆ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೆ ಅದರ ಒಂದಕ್ಷರವೂ ಸಿಗಲ್ಲ. ಬದಲಾಯಿಸಿಕೊಡುವ ತಂತ್ರಾಂಶ ಇದೆ, ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿದ್ದವು. ಕೂತು ಒಂದೊಂದೇ ಸಾಲು ತಿದ್ದಬೇಕು. ಎಷ್ಟು ಜನ ಹಿರಿಯರ ಬರಹ ಹೀಗೆ ಹಳೆಯ ಫಾಂಟಿನಲ್ಲೇ ಸಿಕ್ಕಿಕೊಂಡಿದೆಯೋ! ನೆನೆದರೆ ಸಂಕಟವಾಗುತ್ತದೆ.

ದುಡ್ಡು ಕೊಟ್ಟರೆ ವಿಕಿಪೀಡಿಯ ಪುಟ ಮಾಡಿಕೊಡ್ತೀವಿ ಅಂತ ಯಾರೋ ಮೆಸೇಜ್ ಹಾಕಿದ್ದರು. ಪುಟ್ಟಿ ಬೇಡವೇ ಬೇಡ ಅಂದಳು. ಅಲ್ಲಿ ಬೇರೆಯವರು ನಮ್ಮ ಬಗ್ಗೆ ಬರೆದದ್ದು ಆಧಾರವಾಗಿ ಬೇಕು. ನಮ್ಮ ಪುಟ ನಾವೇ ಬರೆದುಕೊಳ್ಳುವುದು, ದುಡ್ಡು ಕೊಟ್ಟು ಬರೆಸುವುದು ಅಲ್ಲಿಯ ರೀತಿಯಲ್ಲ.

ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತೆ. "ಕರೆದ ಕಡೆ ಹೋಗಿ ಬಂದ್ರೆ ಆಯ್ತಪ್ಪ. ನನ್ನ ಕರೀರಿ ಅಂತ ಬೋರ್ಡ್ ಹಾಕ್ಕೊಳ್ಳೋದು ಯಾಕೆ?" ಅಂದರು.

ಮಲೆನಾಡಿನಲ್ಲಿ ಬೆಳೆದ ಯಾರಿಗೂ ಈ ಮಾತು ಹೊಸದಲ್ಲ. ತನ್ನ ಬಗ್ಗೆ ತಾನೇ ಹೇಳಿಕೊಳ್ಳಬಾರದು ಅಂತಲೇ ನಾವು ಬೆಳೆದಿದ್ದು. ನಾನು ಸುಮ್ಮನಾದೆ. ಸಂಜೆವರೆಗೂ ಅದೇ ಯೋಚನೆ.

ಆಮೇಲೆ ಪುಟ್ಟಿ ಒಂದು ವಿಡಿಯೋ ತೋರಿಸಿದಳು. ಯಾರೋ ಕಳಲೆ, ಅಂದರೆ ಎಳೆ ಬಿದಿರು ತಂದು, ಸಿಪ್ಪೆ ಸುಲಿದು, ಹೆಚ್ಚಿ, ಸೀದಾ ಒಗ್ಗರಣೆಗೆ ಹಾಕುತ್ತಿದ್ದಾರೆ. ನೆನೆಸಲೂ ಇಲ್ಲ, ಬೇಯಿಸಿದ್ದೂ ಅರೆಬರೆ. ನನಗೆ ಎದೆ ಧಸಕ್ ಅಂತು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಅದಕ್ಕೇ ನಮ್ಮಲ್ಲಿ ಹೆಚ್ಚಿ ನೀರಿಗೆ ಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಟ್ಟು, ಆಮೇಲೆ ಚೆನ್ನಾಗಿ ಬೇಯಿಸುವುದು. ಕೆಸುವಿಗೆ ಹುಳಿ ಹಾಕುವುದೂ ಹಾಗೇ, ಗಂಟಲು ತುರಿಸಬಾರದು ಅಂತ. ಇದೆಲ್ಲ ಅತ್ತೆಗೆ ಗೊತ್ತು, ನನಗೆ ಗೊತ್ತು, ನನ್ನ ಪುಸ್ತಕದಲ್ಲೂ ಇದೆ. ಆದರೆ ಬೆಂಗಳೂರಿನಲ್ಲಿ ಮೊದಲ ಸಲ ಕಳಲೆ ಕೊಂಡ ಹುಡುಗಿ ನನ್ನ ಪುಸ್ತಕ ಹುಡುಕಲ್ಲ, ಮೊಬೈಲಿನಲ್ಲಿ ಹುಡುಕುತ್ತಾಳೆ. ಅಲ್ಲಿ ನಾನಿಲ್ಲ.

ಇದನ್ನು ಅತ್ತೆಗೆ ಹೇಳಿದೆ. ಅವರು ಬೋರ್ಡಿನ ಮಾತು ಬಿಟ್ಟು, "ಹಂಗಾದ್ರೆ ನೀರು ಬದಲಿಸೋದನ್ನ ಮೊದಲು ಹಾಕು" ಅಂದರು.

ಪುಟದಲ್ಲಿ ಏನಿರಬೇಕು ಅನ್ನುವುದು ಈಗ ಸ್ವಲ್ಪ ಸ್ಪಷ್ಟವಾಗಿದೆ. ಯಾವ ವಿಷಯ ಮಾತಾಡುತ್ತೇನೆ, ಎಷ್ಟು ಹೊತ್ತು, ಏನೇನು ತೋರಿಸುತ್ತೇನೆ. ನಿರೂಪಕರು ಓದಲಿಕ್ಕೆ ನಾಲ್ಕು ಸಾಲಿನ ಪರಿಚಯ, 'ಖ್ಯಾತ' ಗೀತ ಇಲ್ಲದೆ. ಪುಸ್ತಕದ ಐಎಸ್‌ಬಿಎನ್, ಎಲ್ಲಿ ಸಿಗುತ್ತದೆ ಅನ್ನುವುದು. ಮತ್ತೆ ಒಂದು ಸಣ್ಣ ವಿಡಿಯೋ. ಇವತ್ತೇ ಮಾಡಲು ನೋಡಿದೆವು. ಶೀಟಿನ ಮೇಲೆ ಬೀಳುವ ಮಳೆಯಲ್ಲಿ ನನ್ನ ಮಾತೇ ಕೇಳಲಿಲ್ಲ. ಕಾಲರಿಗೆ ಸಿಕ್ಕಿಸುವ ಮೈಕ್ ತರುತ್ತೇನೆ ಅಂದಿದ್ದಾಳೆ.

ಒಂದು ಮಾತ್ರ ತೀರ್ಮಾನ ಆಗಿಲ್ಲ. ಪ್ರಯಾಣದ ಖರ್ಚು, ಸಂಭಾವನೆ ಅಂತ ಪುಟದಲ್ಲೇ ಬರೆದುಬಿಡು ಅನ್ನುತ್ತಾಳೆ ಪುಟ್ಟಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕೊಡುತ್ತಾರೆ, ಬಸ್ ಚಾರ್ಜ್ ಕೇಳಲು ನಮಗೇ ಸಂಕೋಚ. ಅವಳು ಹೇಳುವುದು ನ್ಯಾಯವೇ. ಆದರೆ ಆಗುಂಬೆ ಕಡೆಯ ಸರ್ಕಾರಿ ಶಾಲೆಯ ಮೇಷ್ಟ್ರು ಅದನ್ನು ಓದಿ, ಇವರನ್ನು ಕರೆಯೋದು ನಮ್ಮ ಕೈಲಾಗಲ್ಲ ಅಂತ ಸುಮ್ಮನಾಗಿಬಿಟ್ಟರೆ? ಸರ್ಕಾರಿ ಶಾಲೆಗೆ ಹಾಗೇ ಬರುತ್ತೇನೆ ಅಂತ ಒಂದು ಸಾಲು ಹಾಕಬಹುದು. ಹಾಗೆ ಹಾಕಿದರೆ ಉಳಿದವರೂ ಅದನ್ನೇ ತೋರಿಸಿ…