ನಳಿಗೆ ಮೇಲಿನ ಸಣ್ಣ ಅಕ್ಷರಗಳು

ಅಮೆರಿಕದಲ್ಲಿರುವ ಗೆಳೆಯನೊಬ್ಬ ಟಿಕ್ಕಾ ಬ್ರ್ಯಾಂಡಿನ ಹಳೆಯ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ) ರೈಫಲ್ ಕೊಂಡ. ಅದರ ಮೇಲೆ ‘ಅಕೊಕೀಕ್, ಮೇರಿಲ್ಯಾಂಡ್’ ಅಂತ ಕೆತ್ತಿತ್ತು. "ಇದು ಇಲ್ಲೇ ತಯಾರಾಗಿದ್ದಾ?" ಅಂತ ನನ್ನನ್ನು ಕೇಳಿದ. ಅಲ್ಲ. ಅದು ಆಮದು ಮಾಡಿದ ಬೆರೆಟ್ಟಾ ಯುಎಸ್‌ಎ ಕಂಪನಿಯ ವಿಳಾಸ. ರೈಫಲ್ ಹುಟ್ಟಿದ್ದು ಫಿನ್ಲೆಂಡಿನ ರೀಹಿಮ್ಯಾಕಿ ಊರಿನಲ್ಲಿ, ಟಿಕ್ಕಾ ತಯಾರಿಸುವ ಸಾಕೋ ಕಂಪನಿಯ ಕಾರ್ಖಾನೆಯಲ್ಲಿ. ಸಾಕೋ 2000ದಿಂದ ಇಟಲಿಯ ಬಂದೂಕು ತಯಾರಕ ಬೆರೆಟ್ಟಾ ಗುಂಪಿನದು.

ಅಮೆರಿಕದ ಕಾನೂನಿನ ಪ್ರಕಾರ ಆಮದುದಾರನ ಹೆಸರು, ಊರು, ರಾಜ್ಯ, ತಯಾರಾದ ದೇಶ ಎಲ್ಲವೂ ಬಂದೂಕಿನ ಮೇಲೆ ಇರಲೇಬೇಕು. ಹಾಗಾಗಿ ವಿಳಾಸ ಒಂದೇ ನೋಡಿದರೆ ಮೋಸ ಹೋಗುತ್ತೀರಿ.

ನನಗೆ ಜಾಸ್ತಿ ಇಷ್ಟ ಜರ್ಮನ್ ಗುರುತುಗಳು. ಉಲ್ಮ್ ಊರಿನ ಆನ್‌ಶುಟ್ಜ್ ಕಂಪನಿಯ ರೈಫಲ್ ಸಿಕ್ಕರೆ ಮೊದಲು ಭೂತಗನ್ನಡಿ ಹಿಡಿಯುತ್ತೇನೆ. ಜಿಂಕೆ ಕೊಂಬಿನ ಮುದ್ರೆ ಇದ್ದರೆ ಉಲ್ಮ್‌ನ ಬಂದೂಕು ಪರೀಕ್ಷಾ ಕೇಂದ್ರದಲ್ಲಿ ಪಾಸಾಗಿದೆ ಅಂತ. ಪಕ್ಕದ ಎರಡಕ್ಷರ ಪರೀಕ್ಷೆ ಆದ ವರ್ಷ ಹೇಳುತ್ತದೆ: ಎ ಅಂದರೆ 0, ಬಿ ಅಂದರೆ 1, ಹೀಗೆ. ‘ಐಕೆ’ ಇದ್ದರೆ 89, ಅಂದರೆ 1989. ಐ, ಕೆ ನಡುವೆ ಜೆ ಇಲ್ಲ, ಅದಕ್ಕೇ ನಾನು ಮೊದಮೊದಲು ಲೆಕ್ಕ ತಪ್ಪುತ್ತಿದ್ದೆ!