ಗಲೀಸಿಯಾದಲ್ಲಿ ಚಿಪ್ಪು ಆರಿಸುವವರ ಜೊತೆ

ಸ್ಪೇನಿನ ವಾಯುವ್ಯ ಮೂಲೆಯಲ್ಲಿರುವ ಗಲೀಸಿಯಾಕ್ಕೆ ಜಾಸ್ತಿ ಜನ ಹೋಗುವುದು ಸಾಂತಿಯಾಗೊ ಚರ್ಚಿನ ಯಾತ್ರೆಗೆ. ನಾನು ಮತ್ತು ಗೆಳತಿ ಹೋಗಿದ್ದು ಚಿಪ್ಪು ನೋಡೋದಕ್ಕೆ. ಸಾಂತಿಯಾಗೊದಲ್ಲಿ ಒಂದು ರಾತ್ರಿ ಮಲಗೆದ್ದು, ಬಸ್ಸು ಹಿಡಿದು ನೇರ ಓ ಗ್ರೋವೆ ಎಂಬ ಮೀನುಗಾರರ ಊರಿಗೆ ಬಂದೆವು.

ಓ ಗ್ರೋವೆ ಇರುವುದು ಅರೌಸಾ ರಿಯಾದ ಬಾಯಲ್ಲಿ. ಹಿಂದೊಮ್ಮೆ ನದಿ ಹರಿಯುತ್ತಿದ್ದ ಕಣಿವೆಗೆ ಕಡಲು ನುಗ್ಗಿ ನಿಂತರೆ ಅದೇ ರಿಯಾ. ಬೇಸಿಗೆಯಲ್ಲಿ ಬಡಗಣ ಗಾಳಿ ಬೀಸಿದಾಗ ಮೇಲಿನ ನೀರು ಆಚೆ ಸರಿಯುತ್ತದೆ, ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಆ ನೀರಲ್ಲಿ ಸತ್ವ ಜಾಸ್ತಿ. ಅದರಲ್ಲಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಹುಲುಸಾಗಿ ಬೆಳೆಯುತ್ತದೆ. ಚಿಪ್ಪಿನ ಜೀವಿಗಳಿಗೆ ಅದೇ ಊಟ. ಯಾರೂ ಕೈಯಿಂದ ಮೇವು ಹಾಕಬೇಕಿಲ್ಲ.

ದಡದಿಂದಲೇ ಬಾತೆಯಾಗಳು ಕಾಣುತ್ತವೆ. ನೀಲಗಿರಿ ಮರದ ತೊಲೆಗಳನ್ನು ಅಡ್ಡಡ್ಡ ಕಟ್ಟಿದ ತೆಪ್ಪಗಳು, ಸಾಲು ಸಾಲಾಗಿ ಲಂಗರು ಹಾಕಿ ನಿಂತಿರುತ್ತವೆ. ಗಲೀಸಿಯಾದಲ್ಲಿ ಇಂಥವು ಸುಮಾರು 3,300 ಇವೆ. ಹೆಚ್ಚಿನವು ಅರೌಸಾದಲ್ಲೇ. 1940ರ ದಶಕದಲ್ಲಿ ಶುರುವಾದ ಪದ್ಧತಿ ಇದು. ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ಯುವ ದೋಣಿಗಳೂ ಇವೆ. ನಾವು ಹತ್ತಿದ ದೋಣಿಯ ಹೊಟ್ಟೆಯಲ್ಲಿ ಗಾಜಿನ ಕಿಟಕಿ ಇತ್ತು. ಅಲ್ಲಿ ಕೂತರೆ ಹಸಿರು ನೀರಲ್ಲಿ ದಪ್ಪ ಕಂಬಗಳು ನೇತಾಡಿದ ಹಾಗೆ ಕಾಣುತ್ತದೆ. ಅಷ್ಟೂ ಪಚ್ಚಿಲೆ, ಇಂಗ್ಲಿಷಿನ ಮಸಲ್ ಚಿಪ್ಪು.

ದೋಣಿಯವರು ಒಂದು ಹಗ್ಗವನ್ನು ಮೇಲೆಳೆದು ತೋರಿಸಿದರು. ನೀರು ಸುರಿಯುತ್ತಿತ್ತು. ಚಿಪ್ಪಿನ ಮೇಲೆ ಚಿಪ್ಪು ಕೂತು ಹಗ್ಗವೇ ಕಾಣುತ್ತಿರಲಿಲ್ಲ. ಸಂದಿಯಲ್ಲಿ ಪುಟಾಣಿ ಏಡಿಗಳು, ಪಾಚಿ. ಬಂಡೆಗಳಿಂದ ಕೆರೆದು ತಂದ ಮರಿಗಳನ್ನು ಹಗ್ಗಕ್ಕೆ ಸುತ್ತಿ, ಮೇಲೆ ತೆಳ್ಳನೆ ಬಲೆ ಹೊದಿಸುತ್ತಾರೆ. ಕೆಲವು ದಿನಕ್ಕೆ ಬಲೆ ನೀರಲ್ಲಿ ಕರಗಿ ಹೋಗುತ್ತದೆ. ಅಷ್ಟರಲ್ಲಿ ಮರಿಗಳು ತಮ್ಮದೇ ನಾರಿನಿಂದ ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಬೆಳೆದು ಒತ್ತೊತ್ತಾದಾಗ ಬಿಡಿಸಿ ಬೇರೆ ಹಗ್ಗಗಳಿಗೆ ಹಂಚುತ್ತಾರೆ. ಒಂದು ತೆಪ್ಪದಲ್ಲಿ ಹೆಚ್ಚೆಂದರೆ 500 ಹಗ್ಗ, ಒಂದೊಂದೂ 12 ಮೀಟರಿನವರೆಗೆ. ಅದಕ್ಕಿಂತ ಜಾಸ್ತಿ ಇಳಿಬಿಡುವ ಹಾಗಿಲ್ಲ.

ಇಲ್ಲಿ ಎಲ್ಲವೂ ಚೊಕ್ಕ ಅಂತೇನಿಲ್ಲ. ಹಗ್ಗದಿಂದ ಗೊಂಚಲು ಜಾರದಿರಲಿ ಅಂತ ನಡುನಡುವೆ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸುತ್ತಾರೆ. ಅವು ಕಳಚಿ ಬಂದು ಮರಳ ದಂಡೆಯಲ್ಲಿ ಬಿದ್ದಿರುತ್ತವೆ. ಸಂಜೆ ನಡೆಯುವಾಗ ನನ್ನ ಗೆಳತಿ ಸುಮ್ನೆ ಆರಿಸುತ್ತಾ ಹೋದಳು, ಜೇಬು ತುಂಬಿತು. ತೆಪ್ಪಗಳ ಕೆಳಗೆ ಪಚ್ಚಿಲೆಯ ಹಿಕ್ಕೆ ಬಿದ್ದು ಕೆಸರು ಕಟ್ಟುವುದೂ ಉಂಟು. ಆದರೂ ಮೇವು ಸುರಿಯದೆ, ತಳ ಗೋರದೆ ಇಷ್ಟೊಂದು ಆಹಾರ ತೆಗೆಯುವ ಬೇರೆ ಸಾಕಣೆ ಕಡಿಮೆ.

ಮಾರನೇ ದಿನ ಇಳಿತದ ಹೊತ್ತಿಗೆ ಕಾರ್ರಿಲ್ ಕಡೆ ಹೋದೆವು. ಮರುವಾಯಿಗೆ, ಅಂದರೆ ಮರಳಲ್ಲಿ ಹೂತಿರುವ ಕ್ಲ್ಯಾಮ್ ಚಿಪ್ಪಿಗೆ, ಹೆಸರಾದ ಊರು. ನೀರು ಹಿಂದೆ ಸರಿದು ಬೂದು ಮರಳು ಕಿಲೋಮೀಟರುಗಟ್ಟಲೆ ಬಯಲಾಗಿತ್ತು. ರಬ್ಬರ್ ಬೂಟು ಹಾಕಿದ ಹೆಂಗಸರು ಬಾಗಿ ಕುಂಟೆ ಎಳೆಯುತ್ತಿದ್ದರು. ಇವರಿಗೆ ಮಾರಿಸ್ಕದೋರಾಸ್ ಅಂತಾರೆ. ಮೊದಲೆಲ್ಲ ಇದು ಮನೆಗೆಲಸದ ನಡುವೆ ಮಾಡುವ ಚಿಲ್ಲರೆ ಕೆಲಸ ಅಂತಲೇ ಲೆಕ್ಕ. 1990ರ ದಶಕದಲ್ಲಿ ಸಂಘಟಿತರಾಗಿ, ಪರವಾನಗಿ ಪಡೆದು, ಇದನ್ನೇ ಉದ್ಯೋಗ ಮಾಡಿಕೊಂಡರು. ಈಗ ಯಾವ ದಿನ ಇಳಿಯಬೇಕು, ಒಬ್ಬೊಬ್ಬರು ಎಷ್ಟು ಕಿಲೋ ತೆಗೆಯಬಹುದು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಕದ್ದು ಆರಿಸುವವರನ್ನು ಕಾಯುವ ಪಾಳಿಯೂ ಇವರದ್ದೇ.

ಒಬ್ಬಾಕೆ ಸೊಂಟಕ್ಕೆ ಕಟ್ಟಿದ್ದ ಅಳತೆಗೋಲು ತೆಗೆದು ತೋರಿಸಿದರು. ನಾಡ ಮರುವಾಯಿ 40 ಮಿಲಿಮೀಟರ್ ಇರಬೇಕು. ಜಪಾನಿ ತಳಿಗೆ 35 ಸಾಕು. ಅನುಮಾನ ಬಂದದ್ದನ್ನು ಅಳೆದು ನೋಡುತ್ತಾರೆ. ಕಡಿಮೆಯಾದರೆ ವಾಪಸ್ ಮರಳಿಗೆ. ಅದೂ ಎಸೆಯುವುದಲ್ಲ, ಬೆರಳಿಂದ ಒತ್ತಿ ಹೂಳುತ್ತಾರೆ. ಇವೆರಡನ್ನು ಗುರುತಿಸುವುದು ಹೇಗೆ ಅಂತ ಕೇಳಿದೆ. ಎರಡನ್ನೂ ಬಕೆಟ್ಟಿನ ನೀರಲ್ಲಿ ಬಿಟ್ಟು ಕಾಯಿ ಅಂದರು. ಸ್ವಲ್ಪ ಹೊತ್ತಿಗೆ ಚಿಪ್ಪಿನಿಂದ ಕೊಳವೆಗಳು ಇಣುಕಿದವು. ನಾಡ ತಳಿಯಲ್ಲಿ ಎರಡು ಕೊಳವೆ ಪೂರ್ತಿ ಬೇರೆ ಬೇರೆ. ಜಪಾನಿಯದರಲ್ಲಿ ಬುಡದ ಹತ್ತಿರ ಅಂಟಿಕೊಂಡಿರುತ್ತವೆ. ಎಷ್ಟು ಸುಲಭ ಅಲ್ವಾ?

ಕುಂಟೆ ಅಳತೆಗೋಲುಗಳಿಗೆ ನಿಲುಕದ ಕಷ್ಟವೂ ಇದೆ. 2012ರಲ್ಲಿ ಒಂದು ಪರೋಪಜೀವಿ ಬಂದು ಅರೌಸಾದ ಕಾಕಲ್ ಎಂಬ ಇನ್ನೊಂದು ಬಗೆಯ ಚಿಪ್ಪುಗಳನ್ನು ಬಹುಪಾಲು ನುಂಗಿಹಾಕಿತು. 2023ರ ಕೊನೆಗೆ ಮಳೆ ಸುರಿದು ರಿಯಾಗಳಲ್ಲಿ ಉಪ್ಪಿನಂಶ ಇಳಿಯಿತು. ಮರುವಾಯಿ, ಕಾಕಲ್ ರಾಶಿ ರಾಶಿ ಸತ್ತವು. ಅಳತೆಗೋಲಿನ ಮಾತು ನಗುತ್ತಾ ಹೇಳಿದಾಕೆ ಇದನ್ನು ಹೇಳುವಾಗ ನಗಲಿಲ್ಲ.

ಅಲ್ಲಿಂದ ಉತ್ತರಕ್ಕೆ ಕೋಸ್ತಾ ದಾ ಮೋರ್ತೆ, ಅಂದರೆ ಸಾವಿನ ಕರಾವಳಿ. ಕೋರ್ಮೆ ಊರಿನ ರೊಂಕುದೊ ಮೂಲೆಯಲ್ಲಿ ಬಿಳಿ ಶಿಲುಬೆಗಳು ನಿಂತಿವೆ. ಕಡಲಿಗೆ ಬಲಿಯಾದವರ ನೆನಪಿಗೆ. ಇಲ್ಲಿ ಸಿಗುವುದು ಪೆರ್ಸೆಬೆ. ನೋಡೋಕೆ ಆನೆಯ ಕಾಲುಗುರಿಗೆ ಕಪ್ಪು ತೊಗಲು ಸುತ್ತಿದ ಹಾಗೆ. ಬಂಡೆಗೆ ಅಂಟಿಕೊಂಡೇ ಇರುತ್ತದಾದರೂ ಇದು ಪಚ್ಚಿಲೆಯ ಕಡೆಯದಲ್ಲ, ಏಡಿ ಸಿಗಡಿಗಳ ನೆಂಟ. ಅಲೆ ಜೋರಾಗಿ ಬಡಿಯುವಲ್ಲೇ ದಪ್ಪಗೆ ಬೆಳೆಯುತ್ತದೆ. ತೆಳ್ಳಗೆ ಉದ್ದಕ್ಕಿದ್ದರೆ ಒಳಗೆ ಬರೀ ನೀರು, ಬೆಲೆಯೂ ಇಲ್ಲ. ಮೇಲೆ ನಿಂತು ನೋಡಿದೆವು. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಳಗೆ ಇಳಿದಿದ್ದ. ಇನ್ನೊಬ್ಬ ಹಗ್ಗ ಹಿಡಿದು ಅಲೆ ಕಾಯುತ್ತಿದ್ದ. ಮೇಲಿನವನು ಕೂಗಿದ ತಕ್ಷಣ ಕೆಳಗಿನವನು ಉಳಿ ಬಿಟ್ಟು ಬಂಡೆಗೆ ಅಂಟಿದ. ಅಲೆ ಮೈಮೇಲೆ ಹಾದು ಹೋಯಿತು. ಮತ್ತೆ ಕೆರೆದ. ಇಷ್ಟಾದರೂ ಇವರಿಗೂ ದಿನದ ಕಿಲೋ ಮಿತಿ ಇದ್ದೇ ಇದೆ. 2002ರ ನವೆಂಬರಿನಲ್ಲಿ ಪ್ರೆಸ್ಟೀಜ್ ಎಂಬ ಎಣ್ಣೆ ಹಡಗು ಒಡೆದು ಈ ಬಂಡೆಗಳಿಗೆಲ್ಲ ಎಣ್ಣೆ ಮೆತ್ತಿದಾಗ ಕೆಲಸವೇ ತಿಂಗಳುಗಟ್ಟಲೆ ನಿಂತಿತ್ತು.

ಕೊನೆಗೆ ಸಾಂತಿಯಾಗೊದ ಮಾರ್ಕೆಟ್. ಬಲೆಚೀಲಗಳಿಗೆಲ್ಲ ಚೀಟಿ ಕಟ್ಟಿರುತ್ತಾರೆ. ಯಾವ ಜಾತಿ, ಎಲ್ಲಿ ತೆಗೆದದ್ದು, ಯಾವಾಗ ಪ್ಯಾಕ್ ಮಾಡಿದ್ದು ಎಲ್ಲ ಬರೆದಿರುತ್ತದೆ. ನೀರಲ್ಲಿ ವಿಷಪಾಚಿ ಹೆಚ್ಚಿದರೆ ಆ ಜಾಗ ಮುಚ್ಚಿಸುತ್ತಾರೆ, ಅದಕ್ಕಾಗಿ ವರ್ಷವಿಡೀ ನೀರು, ಚಿಪ್ಪು ಪರೀಕ್ಷಿಸುವ ಸರ್ಕಾರಿ ಸಂಸ್ಥೆ ವಿಲಾಗಾರ್ಸಿಯಾದಲ್ಲಿದೆ. ನಾನು ಚೀಟಿ ಓದುತ್ತಾ ನಿಂತಿದ್ದೆ. ಅಂಗಡಿಯಾಕೆ, ತಗೊಳ್ಳೋದಾ ಇಲ್ಲ ಓದೋದಾ ಅಂತ ಕೈಸನ್ನೆಯಲ್ಲೇ ಕೇಳಿದರು. ಒಂದು ಕಿಲೋ ಪಚ್ಚಿಲೆ ತೂಗಿಸಿಕೊಂಡೆವು.