ಹೌದು, ನನ್ನ ಹೀರೋ ಕೋಳಿ ಕೈಲಿ ಸತ್ತ

ಪ್ರಶ್ನೆ ಇದು: "ಅಷ್ಟೊಂದು ಗೇಮ್ ಇವೆ, ಅಷ್ಟೊಂದು ಹೀರೋಗಳಿದ್ದಾರೆ. ನೀನ್ಯಾಕೆ ಯಾವಾಗಲೂ ಇಂಥ ಬಡಪಾಯಿಗಳನ್ನೇ ಹುಡುಕಿಕೊಂಡು ಆಡ್ತೀಯಾ?" ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ, ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಾಗ ಅಂಗಡಿ ಹುಡುಗನೂ ಕೇಳಿದ. ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕ ಉತ್ತರ: ನನಗಿಷ್ಟ. ನಿಮಗೇನು ಕಷ್ಟ?

ಉದ್ದ ಉತ್ತರ ಬೇಕಿದ್ದರೆ ಕೋಳಿಯಿಂದಲೇ ಶುರು ಮಾಡಬೇಕು.

ಅಕ್ಕನ ಮನೆ ಗೃಹಪ್ರವೇಶ. ಊಟ ಆದ ಮೇಲೆ ಮಹಡಿಯಲ್ಲಿ ಒಂದು ಮೂಲೆ ಹಿಡಿದು ಗೋಥಿಕ್ ಆಡುತ್ತಾ ಕೂತಿದ್ದೆ. ಜರ್ಮನಿಯ ಪಿರಾನ್ಯಾ ಬೈಟ್ಸ್ ಕಂಪನಿ 2001ರಲ್ಲಿ ತಂದ ಗೇಮ್ ಅದು. ಓರ್ಕ್ ಅನ್ನುವ ರಾಕ್ಷಸರ ಮೇಲೆ ಯುದ್ಧಕ್ಕೆ ಹೊರಟ ರಾಜನಿಗೆ ಅದಿರು ಬೇಕು, ಅದಕ್ಕೆ ಕೈದಿಗಳನ್ನೆಲ್ಲ ಒಂದು ಗಣಿ ಕಣಿವೆಗೆ ತಳ್ಳಿ, ಅವರು ಓಡಿಹೋಗದಂತೆ ಹನ್ನೆರಡು ಮಂತ್ರವಾದಿಗಳ ಕೈಲಿ ಸುತ್ತಲೂ ಮಾಯದ ಗೋಡೆ ಕಟ್ಟಿಸುತ್ತಾನೆ. ಗೋಡೆ ಅಂದಾಜು ಮೀರಿ ಬೆಳೆದು, ಕಟ್ಟಿದವರೂ ಒಳಗೇ ಸಿಕ್ಕಿಬೀಳುತ್ತಾರೆ. ಒಳಗೆ ಹೋಗಬಹುದು, ಹೊರಗೆ ಬರುವಂತಿಲ್ಲ. ನಮ್ಮ ಹೀರೋನೂ ಒಬ್ಬ ಕೈದಿ. ಒಳಗೆ ಬಿದ್ದ ಕೂಡಲೇ ಡಿಯೇಗೋ ಅನ್ನುವವನು ಸಿಗುತ್ತಾನೆ. ತನ್ನ ಹೆಸರು ಹೇಳುತ್ತಾನೆ. ಹೀರೋ ತನ್ನ ಹೆಸರು ಹೇಳಲು ಬಾಯಿ ತೆರೆಯುತ್ತಾನೆ, ನೀನು ಯಾರಾದರೆ ನನಗೇನು ಅಂತ ಡಿಯೇಗೋ ಅಲ್ಲೇ ಕತ್ತರಿಸುತ್ತಾನೆ. ಗೇಮ್ ಮುಗಿದರೂ ಆ ಹೆಸರು ಗೊತ್ತಾಗುವುದಿಲ್ಲ.

ಅಕ್ಕನ ಮಗ ಬಂದು ಪಕ್ಕದಲ್ಲಿ ಕೂತ. ಹದಿನಾಲ್ಕು ವರ್ಷ. ಸರಿಯಾಗಿ ಅದೇ ಹೊತ್ತಿಗೆ ಪೊದೆ ಹಿಂದಿನಿಂದ ಸ್ಕ್ಯಾವೆಂಜರ್ ಬಂತು. ಹಾರಲಾರದ ದಪ್ಪ ಹಕ್ಕಿ, ದೊಡ್ಡ ಕೊಕ್ಕು. ಆ ಗೇಮ್‌ನಲ್ಲಿ ಶುರುವಿಗೆ ಎಲ್ಲರನ್ನೂ ಕೊಲ್ಲುವುದು ಅದೇ. ಕುಕ್ಕಿತು, ಕುಕ್ಕಿತು, ಹೀರೋ ಅಂಗಾತ ಮಲಗಿದ.

"ಮಾಮ, ಕೋಳಿ ಕೈಲಿ ಸತ್ರಾ?"

ಸಂಜೆ ಕಾಫಿ ಹೊತ್ತಿಗೆ ಇಡೀ ಮನೆಗೆ ಸುದ್ದಿ. ಭಾವ "ಏನಪ್ಪಾ, ಕೋಳಿ ಕಾಟ ಜಾಸ್ತಿನಾ?" ಅಂದರು. ದೊಡ್ಡಪ್ಪನಿಗೆ ಗೇಮ್ ಅಂದರೆ ಏನೂ ಗೊತ್ತಿಲ್ಲ, ನಿಜವಾಗಲೂ ಕೋಳಿ ಕುಕ್ಕಿದೆ ಅಂದುಕೊಂಡು ಟಿಟಿ ಇಂಜೆಕ್ಷನ್ ಹಾಕಿಸ್ಕೋ ಅಂದರು.

ಹುಡುಗ ಇನ್ನೊಂದು ಮಾತು ಹೇಳಿದ. "ನಿಮ್ ಹೀರೋಗೆ ಕತ್ತಿ ಹಿಡ್ಕೊಳ್ಳೋಕೇ ಬರಲ್ಲ ಮಾಮ." ಅದು ಅವನಿಗೆ ತಪ್ಪಿನ ಹಾಗೆ ಕಂಡಿತು. ನಾನು ಈ ಗೇಮ್‌ಗೆ ಬಿದ್ದಿದ್ದೇ ಅದಕ್ಕೆ! ಶುರುವಿನಲ್ಲಿ ಅವನು ಒಂದು ಕೈಯ ಕತ್ತಿಯನ್ನು ಎರಡೂ ಕೈಯಲ್ಲಿ, ಒನಕೆ ಹಿಡಿದ ಹಾಗೆ ಹಿಡಿಯುತ್ತಾನೆ. ಆಮೇಲೆ ಹೇಳಿಕೊಡುವವರನ್ನು ಹುಡುಕಿ, ಅವರು ಕೇಳಿದಷ್ಟು ಅದಿರು ಕೊಟ್ಟು ಕಲಿಯಬೇಕು. ಕಲಿತು ಹೊರಗೆ ಬಂದು ಕತ್ತಿ ಎಳೆದರೆ, ಒಂದೇ ಕೈ. ನಿಲ್ಲುವ ಭಂಗಿ ಬೇರೆ. ಏಟಿನ ಹಿಂದೆ ಏಟು ಸರಾಗವಾಗಿ ಬರುತ್ತದೆ. ಕಲಿತದ್ದು ಅಂಕಿಯಲ್ಲಿ ಅಲ್ಲ, ಮೊಣಕೈಯಲ್ಲಿ ಕಾಣುತ್ತದೆ. ಇದನ್ನೆಲ್ಲ ಅವನಿಗೆ ವಿವರಿಸುತ್ತಿದ್ದೆ, ಅವನು ಎದ್ದು ಐಸ್‌ಕ್ರೀಮ್ ತಿನ್ನಲು ಹೋದ.

ಅವನ ಹೀರೋ ಸ್ಕೈರಿಮ್ ಅನ್ನುವ ಇನ್ನೊಂದು ಗೇಮ್‌ನವನು. ಮೈತುಂಬ ಕಪ್ಪು ಕವಚ, ಬೆಂಕಿ ಕಾರುವ ಕತ್ತಿ. ಸ್ಕೈರಿಮ್ ಕೆಟ್ಟದ್ದು ಅಂತ ನಾನು ಹೇಳಿಲ್ಲ, 2011ರಲ್ಲಿ ಬಂದಾಗಿನಿಂದ ಮೂರು ಸಲ ಆಡಿದ್ದೇನೆ, ಜಗಳಕ್ಕೆ ಬರಬೇಡಿ. ಆದರೆ ಅಲ್ಲಿ ಮೊದಲ ಡ್ರ್ಯಾಗನ್ ಬಿದ್ದ ಕೂಡಲೇ ಬೆಟ್ಟದ ತುದಿಯಿಂದ ಗುಡುಗಿನ ಸದ್ದಿನಲ್ಲಿ ನಿಮ್ಮನ್ನು ಕರೆಯುತ್ತಾರೆ. ನೀವೇ ಆ ಹುಟ್ಟು ವೀರ, ನಿಮಗೇ ಎಲ್ಲರೂ ಕಾಯುತ್ತಿದ್ದರು. ಅಲ್ಲಿನ ಮಂತ್ರವಿದ್ಯೆಯ ಕಾಲೇಜಿಗೆ ನಾಲ್ಕು ಮಂತ್ರ ಬರುವವನೂ ಪ್ರಿನ್ಸಿಪಾಲ್ ಆಗಬಹುದು. ಇದು ನನಗೆ ಯಾಕೋ ಇನ್‌ಫ್ಲುಯೆನ್ಸ್ ಮೇಲೆ ಸಿಕ್ಕ ಕೆಲಸದ ಹಾಗೆ ಕಾಣುತ್ತದೆ.

ಇನ್ನು ಸಹೋದ್ಯೋಗಿಯೊಬ್ಬರ ಪ್ರಕಾರ ನನಗೆ ಆತ್ಮವಿಶ್ವಾಸ ಕಡಿಮೆ. "ನಿಜ ಜೀವನದಲ್ಲಂತೂ ಆಗಲಿಲ್ಲ, ಗೇಮಲ್ಲಾದ್ರೂ ರಾಜ ಆಗಿ." ಕ್ಯಾಂಟೀನಿನಲ್ಲಿ, ಎಲ್ಲರ ಮುಂದೆ, ಅರ್ಧ ಇಡ್ಲಿ ಬಾಯಲ್ಲಿಟ್ಟುಕೊಂಡು. ನೋಡಿ ಸ್ವಾಮಿ, ರಾತ್ರಿಯೆಲ್ಲ ರಾಜನಾಗಿದ್ದು ಬೆಳಿಗ್ಗೆ ಎದ್ದು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಲ್ಲುವುದು ಇನ್ನೂ ಕಷ್ಟ. ರಾತ್ರಿಯೂ ಯಾರೋ ಬೈಯುತ್ತಿದ್ದರೆ ಅಭ್ಯಾಸ ತಪ್ಪುವುದಿಲ್ಲ. ಅವರ ಮಾತಲ್ಲಿ ಸ್ವಲ್ಪ ನಿಜ ಇರಬಹುದು. ಇರಲಿ, ಮುಂದೆ ಹೋಗೋಣ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಎಲ್ಲರೂ ಹೀರೋ ಯಾರು ಅಂತಲೇ ಕೇಳುತ್ತಾರೆ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳುವ ಮುಂಚೆ ಏನು ಕೇಳುತ್ತಾರೆ? "ಯಾವೂರು ನಿಮ್ದು?" ಗೇಮ್ ವಿಷಯಕ್ಕೆ ಬಂದರೆ ಮಾತ್ರ ಈ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಕೇಳಿದ್ದರೆ ಎಷ್ಟು ಹೇಳುತ್ತಿದ್ದೆ!

ಗೋಥಿಕ್‌ನ ಆ ಕಣಿವೆ ಚಿಕ್ಕದು. ಮೂರು ಕ್ಯಾಂಪ್, ಅಷ್ಟೇ. ಸ್ಕ್ರೀನಿನ ಮೂಲೆಯಲ್ಲಿ ಮ್ಯಾಪ್ ಇರುವುದಿಲ್ಲ, ಬೇಕಿದ್ದರೆ ದುಡ್ಡು ಕೊಟ್ಟು ಕೊಳ್ಳಬೇಕು. ದುಡ್ಡು ಅಂದರೂ ಅದಿರಿನ ತುಂಡುಗಳೇ. ಹಳೆ ಕ್ಯಾಂಪಿನಲ್ಲಿ ಬ್ಲಡ್‌ವಿನ್ ಅನ್ನುವ ಕಾವಲುಗಾರ ಹೀರೋನನ್ನು ತಡೆದು ಹತ್ತು ತುಂಡು ಹಫ್ತಾ ಕೇಳುತ್ತಾನೆ. ಸ್ನಾಫ್ ಅನ್ನುವ ಅಡುಗೆಯವನು ಸಾರಿಗೆ ಹುಳುವನ್ನೂ ಅಣಬೆಯನ್ನೂ ತಂದುಕೊಡು ಅನ್ನುತ್ತಾನೆ. ಯಾರದೋ ಗುಡಿಸಲಿಗೆ ಸುಮ್ನೆ ನುಗ್ಗಿದರೆ ಬೈದು ಹೊರಗೆ ಹಾಕುತ್ತಾರೆ. ಹೊಸ ಕ್ಯಾಂಪಿಗೆ ಹೋದರೆ ಭತ್ತದ ಗದ್ದೆ! ಕೋಟೆ, ಹಿಮ, ಪೈನ್ ಮರ ನೋಡಿ ಬೇಜಾರಾದವನಿಗೆ ಫ್ಯಾಂಟಸಿ ಗೇಮ್‌ನಲ್ಲಿ ಗದ್ದೆ ಬಯಲು ಸಿಕ್ಕರೆ ಹೇಗಿರಬೇಡ. ಅಲ್ಲೊಬ್ಬ ರೌಡಿ ಅಡ್ಡ ನಿಂತು, ಗದ್ದೆಯಲ್ಲಿ ಕೆಲಸ ಮಾಡುವವರಿಗೆಲ್ಲ ನೀರು ಹೊತ್ತು ಕೊಡು ಅನ್ನುತ್ತಾನೆ. ಇಲ್ಲ ಅಂದರೆ ಒದೆ. ಲೋಕ ಉಳಿಸಬೇಕಾದ ಹೀರೋ ಕೆಸರಲ್ಲಿ ಒಬ್ಬೊಬ್ಬರಿಗೂ ನೀರು ಕೊಡುತ್ತಾ ಹೋಗುತ್ತಾನೆ. ಎರಡು ವಾರ ಆಡಿದ ಮೇಲೆ ಯಾವ ತಿರುವಿನಲ್ಲಿ ಯಾವ ಪ್ರಾಣಿ ಅಂತ ಕತ್ತಲಲ್ಲೂ ಗೊತ್ತಾಗುತ್ತದೆ. ನನಗೆ ಬೇಕಾದ ಸೆಟ್ಟಿಂಗ್, ಅಂದರೆ ಕಥೆ ನಡೆಯುವ ಜಾಗ, ಇದು. ವಿಚರ್ 3 ಅನ್ನುವ ಗೇಮ್ ಇಷ್ಟ ಆಗಿದ್ದೂ ಹೀಗೇ, ಅಷ್ಟು ದೊಡ್ಡ ರಾಕ್ಷಸ ಬೇಟೆಗಾರ ಗೆರಾಲ್ಟ್‌ಗೆ ಒಬ್ಬ ಅಜ್ಜಿ ತನ್ನ ಬಾಣಲೆ ಹುಡುಕಿಕೊಡು ಅನ್ನುತ್ತಾಳೆ, ಅವನು ಹುಡುಕಿಕೊಡುತ್ತಾನೆ.

"ಹಾಗಾದ್ರೆ ನಮ್ಮ ಪುರಾಣದ ಗೇಮ್ ಆಡಿ" ಅನ್ನುವವರು ಇನ್ನೊಂದು ಗುಂಪು. ಪುಣೆಯವರು 2020ರಲ್ಲಿ ತಂದ ರಾಜಿ ಅನ್ನುವ ಗೇಮ್ ಆಡಿದ್ದೇನೆ, ಚೆನ್ನಾಗಿದೆ, ನೋಡಲು ಕಣ್ಣು ಸಾಲದು. ಆದರೆ ನಮ್ಮದು ಅಂದರೆ ಬರೀ ಪುರಾಣನಾ? ನಾನು ಬಂಗಾರಪೇಟೆ ಕಡೆಯವನು. ಗೋಥಿಕ್ ಬಂದ 2001ರಲ್ಲೇ ಕೋಲಾರದ ಚಿನ್ನದ ಗಣಿ ಮುಚ್ಚಿತು. ನೆಲದೊಳಗೆ 3 ಕಿಲೋಮೀಟರ್‌ಗೂ ಜಾಸ್ತಿ ಆಳ ಇಳಿದ ಗಣಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ತರಿಸಿಕೊಂಡ ಊರು. ಈಗ ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ಗುಡ್ಡಗಳು ಉಳಿದಿವೆ, ಗಾಳಿ ಎದ್ದರೆ ಅದರ ಧೂಳು ಮನೆಯೊಳಗೆ ಬರುತ್ತದೆ. ಮಾಯದ ಗೋಡೆ ಇಲ್ಲ, ಆದರೂ ಬಿಟ್ಟು ಹೋಗಲಾಗದೆ ಉಳಿದವರಿದ್ದಾರೆ. ಗಣಿ ಇಲ್ಲ, ಕೆಲಸ ಇಲ್ಲ, ಬೆಳಗಾದರೆ ರೈಲು ತುಂಬ ಜನ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಆ ಜಾಗದಲ್ಲಿ ಯಾರಾದರೂ ಒಂದು ಗೇಮ್ ಮಾಡಿ. ಕೆಳಗೆ ಮುಚ್ಚಿಹೋದ ಸುರಂಗದಲ್ಲಿ ಯಾವ ಭೂತವನ್ನಾದರೂ ಇಡಿ, ನನ್ನದೇನೂ ತಕರಾರಿಲ್ಲ.

ಹೀರೋ ಮಾತ್ರ ನಾನು ಹೇಳಿದ ಹಾಗೆ ಇರಬೇಕು. ರಾತ್ರಿ ಪ್ಯಾಸೆಂಜರ್‌ನಲ್ಲಿ ಬಂದು ಅಲ್ಲಿನ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಯಾರೂ ತಿರುಗಿ ನೋಡುವುದಿಲ್ಲ. ಟೀ ಅಂಗಡಿಯವನು, ತಮಿಳಲ್ಲೋ ತೆಲುಗಲ್ಲೋ ಕನ್ನಡದಲ್ಲೋ, ಯಾವೂರು ಅಂತ ಕೇಳುತ್ತಾನೆ. ಹೀರೋ ಹೇಳಲು ಬಾಯಿ ತೆರೆಯುತ್ತಾನೆ.

"ಇರ್ಲಿ ಬಿಡಿ, ಚಿಲ್ಲರೆ ಇದ್ಯಾ?"